ಗೋಡೆಯ ಮೇಲಿನ ಪ್ರಯಾಣಿಕರು

"ಎಂಬತ್ತೊಂಬತ್ತು!" ಎಂದು ಅನುಜಾ ಕೂಗಿದ್ದು ಇಂಜಿನ್ನಿನ ಸದ್ದನ್ನೂ ದಾಟಿ ಮುಂದಿನ ನಾಲ್ಕು ಸೀಟಿನವರೆಗೆ ಕೇಳಿಸಿತು. ತೊಡೆಯ ಮೇಲೆ ಕೋಳಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಬೆಚ್ಚಿ ತಿರುಗಿದಳು. ಕೋಳಿಯೂ ತಿರುಗಿತು.

ಹಿಂದಿನಿಂದ ಮಂದಿಯನ್ನು ಸರಿಸುತ್ತ ಬರುತ್ತಿದ್ದ ಕಂಡಕ್ಟರ್ ರಾಮಲಿಂಗ ಟಿಕೆಟ್ ಯಂತ್ರವನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತ. "ಏನ ತಂಗಿ, ವರ ಗೊತ್ತಾತೇನು?"

"ಎಂಬತ್ತೊಂಬತ್ತರ ವರ ಯಾರಿಗೆ ಬೇಕ್ರಿ ಕಾಕಾ?"

"ಆಸ್ತಿ ಇದ್ರ ನೋಡೂನಲ್ಲ," ಎಂದ ರಾಮಲಿಂಗ. ಸುತ್ತಲಿನವರು ನಕ್ಕರು.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬೆಳಗಿನ ಈ ಬಸ್ಸಿನಲ್ಲಿ ಅನುಜಾ ಎರಡು ವರ್ಷದಿಂದ ಓಡಾಡುತ್ತಿದ್ದಳು. ಮನೆ ಇಬ್ರಾಹಿಂಪುರದಲ್ಲಿ, ರೈಲು ಹೋದಾಗಲೆಲ್ಲ ಅಡುಗೆಮನೆಯ ಡಬ್ಬಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಷ್ಟು ಹಳಿಗೆ ಹತ್ತಿರ. ಎಂ.ಕಾಂ. ಮುಗಿಸಿದ ಮೇಲೆ ಬ್ಯಾಂಕಿನ ಪರೀಕ್ಷೆ ಬರೆಯುತ್ತ ಕೂಡುವ ಬದಲು ತಿಕೋಟಾದ ಹದಿನಾರು ಹೆಣ್ಣುಮಕ್ಕಳ ಮಣೂಕದ ಸಂಘಕ್ಕೆ ಕಾಗದಪತ್ರ ನೋಡಿಕೊಳ್ಳಲು ಸೇರಿದ್ದಳು. ಹಸಿದ್ರಾಕ್ಷಿ ಒಣಗಿ ಮಣೂಕವಾಗುವುದನ್ನು ಮೊದಲ ಸಲ ನೋಡಿದ ದಿನ, ಇದು ಅಜ್ಜಿಯ ಕತೆಯಲ್ಲಿ ಮುದುಕಿ ಮಾಟದಿಂದ ರಾಜಕುಮಾರರನ್ನು ಬೆರಳುದ್ದ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡ ಹಾಗೇ ಇದೆಯಲ್ಲ ಅನಿಸಿತ್ತು. ಅವಳಿಗೆ ಹೀಗೆ ಅನಿಸುವುದು ಹೆಚ್ಚು.

ಈಗ ಅವಳ ಮೊಬೈಲಿನಲ್ಲಿ ಇದ್ದದ್ದು ನೀಲಗರಿ ಏರ್ ಎಂಬ ವಿಮಾನ ಕಂಪನಿಯ ಮಾರ್ಚ್ ತಿಂಗಳ ಅಂಕಿ. ಸಣ್ಣ ಊರುಗಳ ನಡುವೆ ಹಾರುವ ಸಣ್ಣ ಕಂಪನಿ. ಅವಳ ಜೊತೆ ಕಾಲೇಜಿನಲ್ಲಿ ಓದಿದ ಸೈಮಾ ಅದರ ಪುಣೆಯ ಕಚೇರಿಯಲ್ಲಿ ಖರೀದಿಯ ಕೆಲಸಕ್ಕಿದ್ದಳು. ಹೋದ ನವೆಂಬರಿನಿಂದ ಆ ವಿಮಾನಗಳಲ್ಲಿ ಸಂಘದ ಹದಿನೈದು ಗ್ರಾಮಿನ ಮಣೂಕದ ಪ್ಯಾಕೆಟ್ ಕೊಡುತ್ತಿದ್ದದ್ದು ಸೈಮಾಳ ಓಡಾಟದಿಂದಲೇ. ತಿಂಗಳಿಗಿಷ್ಟು ಅಂತ ಕಳಿಸುವುದು, ಹಣ ಕೈಗೆ ಬಂದ ಮೇಲೆ ಮುಂದಿನ ತಿಂಗಳದ್ದು ಕಟ್ಟುವುದು. ಈಗ ಕಂಪನಿ ಹೊಸ ಮಾತು ಎತ್ತಿತ್ತು. ಈ ವರ್ಷದ ಹದಿನೆಂಟು ಟನ್ನನ್ನೂ, ಅಂದರೆ ಹದಿನಾರು ಮನೆಗಳ ಇಡೀ ವರ್ಷದ ಮಣೂಕವನ್ನು, ಒಂದೇ ಸಲ ಒಯ್ಯುತ್ತದೆ. ಪೇಟೆಗಿಂತ ಕಿಲೋಕ್ಕೆ ಹತ್ತು ರೂಪಾಯಿ ಹೆಚ್ಚು ಕೊಡುತ್ತದೆ. ಆದರೆ ಹಣ ನಾಲ್ಕು ತಿಂಗಳ ಮೇಲೆ. ಇವತ್ತು ಮೂರು ಗಂಟೆಗೆ ಸೈಮಾ ಫೋನ್ ಮಾಡುತ್ತಾಳೆ. ಹೂಂ ಎಂದರೆ ನಾಳೆ ಲಾರಿ ಬರುತ್ತದೆ.

"ನೀ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ," ಎಂದುಬಿಟ್ಟಿದ್ದರು ಸಂಘದ ಅಧ್ಯಕ್ಷೆ ಮಹಾನಂದಾ. "ಓದಿದಾಕಿ ನೀನು. ನಾವು ದ್ರಾಕ್ಷಿ ಓದೇವಿ, ಕಂಪನಿ ಓದಿಲ್ಲ."

ಹಾಗಾಗಿ ಅನುಜಾ ಓದುತ್ತಿದ್ದಳು. "ನೂರು ಸೀಟಿನಾಗ ಎಂಬತ್ತೊಂಬತ್ತು ತುಂಬ್ಯಾವ ಕಾಕಾ," ಎಂದು ರಾಮಲಿಂಗನಿಗೆ ವಿವರಿಸಿದಳು. "ನವೆಂಬರ್‌ನಾಗ ಎಪ್ಪತ್ತೊಂದಿತ್ತು. ಅರ್ಧಾ ದರದ ಟಿಕೆಟ್ ಬಿಟ್ಟ ಮ್ಯಾಲೆ ಮಂದಿ ಮುಗಿಬಿದ್ದದ. ಇಷ್ಟು ತುಂಬಿದ ಕಂಪನಿ ಗಟ್ಟಿನೇ ಇರಬೇಕಲ್ರಿ."

ರಾಮಲಿಂಗ ಬಸ್ಸಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದ. "ಇದರಾಗ ಎಷ್ಟ ಮಂದಿ ಅದಾರ, ಹೇಳು."

"ಎಪ್ಪತ್ತು?"

"ಎಪ್ಪತ್ತೆರಡು. ಸೀಟು ಐವತ್ತೈದು. ನಿನ್ನ ಲೆಕ್ಕ ಹಿಡದ್ರ ನಮ್ಮ ಡಿಪೋ ಮ್ಯಾನೇಜರ ಬಂಗಾರದ ಕುರ್ಚಿ ಮ್ಯಾಲ ಕುಂಡ್ರಬೇಕಿತ್ತು." ಅವನು ಯಂತ್ರದ ಗುಂಡಿ ಒತ್ತಿ ಅವಳ ಮುಂದೆ ಹಿಡಿದ. "ರೊಕ್ಕ ಕೊಟ್ಟಾವ್ರು ಇಪ್ಪತ್ತಾರು. ಉಳಿದವರೆಲ್ಲಾ ನೀವ, ಅಕ್ಕತಂಗೇರು. ಸೊನ್ನಿ ಟಿಕೆಟ್ಟು."

"ಸೊನ್ನಿ ಸೊನ್ನಿ ಅಂತ ಹಂಗಿಸಬ್ಯಾಡೋ ಯಪ್ಪಾ," ಎಂದಳು ಕೋಳಿಯವಳು. "ನಮ್ಮ ರೊಕ್ಕ ಸರಕಾರ ಕೊಡ್ತೈತಿ."

"ಕೊಡ್ತೈತಿ ಯವ್ವಾ, ಇಲ್ಲ ಅಂದವ್ರ ಯಾರು? ನಿನ್ನ ಕೋಳೀದು ಕೊಡೂದಿಲ್ಲ. ಅದಕ್ಕ ಟಿಕೆಟ್ ತಗಿ." ಮತ್ತೆ ಅನುಜಾಳ ಕಡೆ ತಿರುಗಿದ. "ನಮಗ ಸರಕಾರ ಐತಿ. ನಿಮ್ಮ ವಿಮಾನದಾಗ ಅರ್ಧಾ ರೊಕ್ಕ ಕೊಟ್ಟು ಕುಂತಾನಲ್ಲ, ಅವನ ಉಳಿದರ್ಧ ಯಾರು ತುಂಬತಾರ? ಸಂಜಿಗೆ ನಮ್ಮ ಡಿಪೋದಾಗ ಮಂದಿ ಎಷ್ಟ ಅಂತ ಯಾರೂ ಕೇಳೂದಿಲ್ಲ ತಂಗಿ. ಕಿಲೋಮೀಟರಿಗೆ ಎಷ್ಟ ಬಿತ್ತು, ಎಷ್ಟ ಹೋತು, ಇಷ್ಟ ಕೇಳತಾರ. ಮಂದಿ ಎಣಸಾವ್ರು ಊಟಕ್ಕ ಬಡಸಾವ್ರು."

ಅಷ್ಟರಲ್ಲಿ ಯಾರೋ "ಹೋಲ್ಡಾನ್" ಎಂದು ಕೂಗಿದರು. ರಾಮಲಿಂಗ ಸೀಟಿ ಊದುತ್ತ ಬಾಗಿಲಿಗೆ ಹೋದ. ಅನುಜಾಳಿಗೆ ಮುಖ ಬಿಸಿಯಾಯಿತು. ಎರಡು ವರ್ಷ ಪುಸ್ತಕ ಹೊತ್ತವಳು ತಾನು, ಸೀಟಿ ಊದುವವನು ಬಂದು ಪಾಠ ಹೇಳಬೇಕೇ? ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಮುಳ್ಳು ಆಡತೊಡಗಿತ್ತು. ಅಜ್ಜಿ ಹೀರಾಬಾಯಿ ಅವಳಿಗೆ ಚಿಕ್ಕಂದಿನಲ್ಲಿ ಒಂದು ಹಂಸದ ಕತೆ ಹೇಳುತ್ತಿದ್ದಳು. ಅದರ ಬೆನ್ನ ಮೇಲೆ ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತು. ಊರಿಗೆ ಊರೇ ಹತ್ತಿ ಏಳು ಸಮುದ್ರ ದಾಟುತ್ತಿತ್ತು. "ಹಂಸ ಏನು ತಿಂತಿತ್ತಜ್ಜಿ?" ಎಂದು ಕೇಳಿದ್ದಳು ಅನುಜಾ. "ಕತಿಯೊಳಗಿನ ಹಂಸ ಅದ. ಅದಕ್ಕ ಹಸಿವಿ ಆಗಂಗಿಲ್ಲ. ಮಲಕೋ," ಎಂದಿದ್ದಳು ಅಜ್ಜಿ.

ಸಂಘದ ಶೆಡ್ಡಿನಲ್ಲಿ ಹೆಂಗಸರು ನೀಲಿ ತಾಡಪಾಲಿನ ಮೇಲೆ ಸಾಲಾಗಿ ಕುಳಿತು ಮಣೂಕದ ತೊಟ್ಟು ಬಿಡಿಸುತ್ತಿದ್ದರು. ದ್ರಾಕ್ಷಿ ಒಣಹಾಕುವ ಬಲೆಯ ಹಂತಗಳೆಲ್ಲ ಬರಿದಾಗಿದ್ದವು. ಒಣಗಿದ್ದೆಲ್ಲ ಕೆಳಗಿಳಿದು ಹಸಿರು, ಹಳದಿ, ಕಂದು ಎಂದು ಬೇರೆ ಬೇರೆ ರಾಶಿಯಾಗಿತ್ತು. ಗಾಳಿಯೇ ಅಂಟುವಷ್ಟು ಸಿಹಿ ವಾಸನೆ.

ಒಳಗಿನ ಗೋಡೆಯ ಮೇಲೆ ಆ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪ್ರತಿ ತಿಂಗಳೂ ಅನುಜಾ ಹೇಳಿದ ಪ್ರಯಾಣಿಕರ ಸಂಖ್ಯೆಯನ್ನು ಮಹಾನಂದಾ ಸೀಮೆಸುಣ್ಣದಿಂದ ಬರೆಯುವುದು, ಸಂಘದಲ್ಲಿ ಎಲ್ಲರಿಗಿಂತ ಹಿರಿಯಳಾದ ಹುಚ್ಚವ್ವ ಸೆರಗಿನ ಗಂಟಿನಿಂದ ಭಂಡಾರ ತೆಗೆದು ಆ ಅಂಕಿಗೆ ಹಚ್ಚುವುದು. ಕುರಿ ಈದಾಗ ಮರಿಯ ಹಣೆಗೆ ಹಚ್ಚುವ ಅರಿಸಿನವೇ ಅದು. ನವೆಂಬರಿನಿಂದ ಇದು ಐದನೆಯ ಅಂಕಿ, ಪ್ರತಿ ತಿಂಗಳೂ ಬೆಳೆದಿತ್ತು.

"ಹೇಳವಾ, ಎಷ್ಟ ಮಂದಿ ತಿಂದ್ರು ನಮ್ಮ ಮಣೂಕ?" ಎಂದಳು ಹುಚ್ಚವ್ವ.

"ಒಂದು ಲಕ್ಷ ಮೂವತ್ತೆಂಟು ಸಾವಿರ ಮಂದಿ ಹಾರ್ಯಾರ, ಆಯಿ. ನವೆಂಬರ್‌ನಾಗ ಒಂದು ಲಕ್ಷ ಹತ್ತು ಸಾವಿರ ಇದ್ರು."

ಹೆಂಗಸರು ಓಹೋ ಎಂದರು. ಮಹಾನಂದಾ ಬರೆದರು, ಹುಚ್ಚವ್ವ ಅರಿಸಿನ ಹಚ್ಚಿದಳು. "ನನ್ನೊಮ್ಮೆ ಆ ವಿಮಾನದಾಗ ಕುಂಡರಸ್ರಬೇ," ಎಂದಳು. "ತಿನ್ನಾವ್ರ ಮಾರಿ ನೋಡಬೇಕು. ತೊಟ್ಟು ಹಲ್ಲಿಗೆ ಹತ್ತಿದ್ರ ಬೈತಾರೋ ಏನೋ."

"ನಿನಗ ಕಿಡಕ್ಯಾಗಿಂದ ಉಗುಳಾಕ ಬರೂದಿಲ್ಲಬೇ ಅಲ್ಲಿ," ಎಂದಳು ಕಸ್ತೂರಿ, ಹುಚ್ಚವ್ವನ ಸೊಸೆ. "ಎಲಿಅಡಕಿ ನುಂಗಬೇಕಾಕ್ಕತಿ."

ಅನುಜಾ ನಗಲಿಲ್ಲ. ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕಿದಳು. ಎಲ್ಲ ಸುದ್ದಿಯಲ್ಲೂ ಮಂದಿಯೇ ಮಂದಿ: ದಾಖಲೆಯ ಪ್ರಯಾಣಿಕರು, ತುಂಬಿದ ಸೀಟುಗಳು, ಹಾರ ಹಾಕಿಸಿಕೊಂಡ ಹತ್ತು ಲಕ್ಷನೆಯ ಪ್ರಯಾಣಿಕ. ಒಬ್ಬನನ್ನು ಒಯ್ಯಲು ಎಷ್ಟು ಖರ್ಚು, ಅವನಿಂದ ಎಷ್ಟು ಬಂತು ಎಂಬುದು ಎಲ್ಲೂ ಇರಲಿಲ್ಲ. ಐದು ತಿಂಗಳಿಂದ ತಾನೂ ಅದನ್ನು ಹುಡುಕಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

ಮೂರು ಗಂಟೆಗೆ ಸರಿಯಾಗಿ ಫೋನು ಬಂತು. ಅನುಜಾ ಹೊರಗೆ ಬೇವಿನ ಗಿಡದ ಕೆಳಗೆ ಹೋದಳು.

"ಹಾಂ ಅನೂ, ಲಾರಿ ಹೇಳಿಬಿಡಲೇನು?" ಸೈಮಾಳ ದನಿ ಕಚೇರಿಯ ದನಿಯಾಗಿತ್ತು. ಹಿಂದೆ ಯಾರೋ ಮರಾಠಿಯಲ್ಲಿ ಮಾತಾಡುತ್ತಿದ್ದರು.

"ಸೈಮಾ, ಒಬ್ಬ ಮನುಷ್ಯಾನ್ನ ಒಂದು ಕಿಲೋಮೀಟರ್ ಒಯ್ಲಿಕ್ಕೆ ನಿಮಗೆಷ್ಟು ಬೀಳ್ತದ? ಅವನ ಕಡಿಂದ ಎಷ್ಟು ಬರ್ತದ?"

"ಅದು ನಮ್ಮ ವಿಭಾಗಕ್ಕ ಬರೂದಿಲ್ಲ ಅನೂ. ನಾವು ಬರೀ ಖರೀದಿ."

"ಗೊತ್ತು. ಆದ್ರೂ ಕೇಳ್ತೀನಿ."

ಕುರ್ಚಿ ಸರಿದ ಸದ್ದು. ಬಾಗಿಲು. ಆಮೇಲೆ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು. ಮತ್ತೆ ಬಂದದ್ದು ಕಾಲೇಜಿನ ಕಟ್ಟೆಯ ಮೇಲೆ ಒಂದೇ ಡಬ್ಬಿಯಲ್ಲಿ ಉಂಡ ಸೈಮಾಳ ದನಿ.

"ನಿನ್ನ ಹಂತ್ಯಾಕ ಪ್ಯಾಕೆಟ್ಟಿನ ರಜಿಸ್ಟರ್ ಐತಲ್ಲ?"

"ಅದ."

"ಅದನ್ನೊಮ್ಮೆ ಬಿಚ್ಚಿ ನೋಡು. ಪೂರಾ ದರ ಕೊಟ್ಟಾವ್ರಿಗಷ್ಟ ಮಣೂಕ ಕೊಡ್ತೀವಿ, ಅರ್ಧಾ ದರದಾವ್ರಿಗೆ ಬರೀ ನೀರು. ನೆನಪೈತಿಲ್ಲ? ನೋಡಿ, ಆಮ್ಯಾಲ ಹೂಂ ಅನ್ನು, ಉಹೂಂ ಅನ್ನು. ಐದು ಗಂಟೆ ತನಕ ನನಗ ಟೈಮ್ ಕೊಟ್ಟಾರ. ನಾ ನಿನಗ ಏನೂ ಹೇಳಿಲ್ಲ, ಹಾಂ?"

ಅನುಜಾ ಒಳಗೆ ಬಂದು ರಜಿಸ್ಟರ್ ಬಿಚ್ಚಿದಳು. ಅವಳೇ ಬರೆದ ಅಂಕಿಗಳು. ಎಂಬತ್ನಾಲ್ಕು ಸಾವಿರ ಪ್ಯಾಕೆಟ್, ಎಂಬತ್ತೆರಡು, ಎಪ್ಪತ್ತಾರು, ಅರವತ್ತೊಂಬತ್ತು, ಅರವತ್ತೊಂದು. ತಿಂಗಳು ತಿಂಗಳೂ ತಾನೇ ರಟ್ಟಿನ ಪೆಟ್ಟಿಗೆ ಎಣಿಸಿ ಕಳಿಸಿದ್ದಳು. ಸ್ವಲ್ಪ ಕಡಿಮೆ ಕೇಳಿದಾಗಲೆಲ್ಲ, ಹೋದ ತಿಂಗಳದ್ದು ಉಳಿದಿರಬೇಕು ಎಂದುಕೊಂಡಿದ್ದಳು. ಒಂದು ಅಂಕಿ ಗೋಡೆಯ ಮೇಲೆ ಇತ್ತು, ಇನ್ನೊಂದು ಕಪಾಟಿನಲ್ಲಿ. ಎರಡನ್ನೂ ಒಂದೇ ಕಡೆ ಯಾರೂ ನೋಡಿರಲಿಲ್ಲ.

ಅವಳು ಸೀಮೆಸುಣ್ಣ ತೆಗೆದುಕೊಂಡು, ಅರಿಸಿನ ಹಚ್ಚಿದ ಒಂದೊಂದು ಅಂಕಿಯ ಪಕ್ಕದಲ್ಲೂ ಆ ತಿಂಗಳ ಪ್ಯಾಕೆಟ್ ಬರೆದಳು. ತೊಟ್ಟು ಬಿಡಿಸುವ ಕೈಗಳು ಒಂದೊಂದಾಗಿ ನಿಂತವು.

"ಇದೇನಬೇ, ಒಂದು ಏರಾಕತ್ತೈತಿ, ಒಂದು ಇಳ್ಯಾಕತ್ತೈತಿ?" ಎಂದರು ಮಹಾನಂದಾ.

"ಏರೂದು ವಿಮಾನ ಹತ್ತಿದವ್ರು, ಮಹಾನಂದಕ್ಕಾ. ಇಳಿಯೂದು ಪೂರಾ ರೊಕ್ಕ ಕೊಟ್ಟವ್ರು."

"ಭಂಡಾರ ಹಚ್ಚಿದ ಅಂಕಿ ಸುಳ್ಳ ಹೇಳತಾವೇನು?" ಹುಚ್ಚವ್ವ ಹುಬ್ಬು ಗಂಟಿಕ್ಕಿದಳು.

"ಸುಳ್ಳಲ್ಲ ಆಯಿ, ಮಂದಿ ಖರೇನ ಹತ್ಯಾರ. ಆದ್ರ ಪೂರಾ ಕೊಟ್ಟವನನ್ನ ಒಯ್ಲಿಕ್ಕೆ ಎಷ್ಟು ಎಣ್ಣಿ ಸುಡ್ತದೋ ಅರ್ಧಾ ಕೊಟ್ಟವನಿಗೂ ಅಷ್ಟೇ ಸುಡ್ತದ. ಸೀಟು ತುಂಬಿದಷ್ಟೂ ಕೈಯಾಗಿಂದು ಹೊಂಟದ. ನಾಲ್ಕು ತಿಂಗಳ ಮ್ಯಾಲೆ ನಮಗ ಕೊಡ್ಲಿಕ್ಕೆ ಇವ್ರ ಹತ್ರ ಇರ್ತದೋ ಇಲ್ಲೋ ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತಿ. ಇಷ್ಟ ದಿನ ಗಟ್ಟಿ ಅಂತಿದ್ದಿ," ಎಂದಳು ಕಸ್ತೂರಿ.

"ಹೌದು. ಇಷ್ಟು ದಿನ ತಪ್ಪು ಓದಿದ್ದೆ."

ಅನುಜಾಳಿಗೆ ಹದಿನಾರು ಮುಖಗಳನ್ನೂ ನೋಡುವ ಧೈರ್ಯವಾಗಲಿಲ್ಲ. ಮಹಾನಂದಾ ಅವರನ್ನಷ್ಟೇ ನೋಡಿದಳು. ಅವರು ಗೋಡೆಯನ್ನು ನೋಡುತ್ತಿದ್ದರು, ಮೋಡ ನೋಡುವವರ ಹಾಗೆ.

"ನಿನ್ನ ಮ್ಯಾಲ ಬಿಟ್ಟೇನಿ ಅಂದಿದ್ದೆ," ಎಂದರು ಕೊನೆಗೆ. "ಮಾತು ತಿರುಗಿಸೂದಿಲ್ಲ. ಹೇಳು."

"ಉಹೂಂ," ಎಂದಳು ಅನುಜಾ.

ತಿಂಗಳಿಗಿಷ್ಟು ಕೊಡುತ್ತೇವೆ, ಹಣ ಬಂದ ಮೇಲೆ ಮುಂದಿನದು, ಮೊದಲಿನ ಹಾಗೆಯೇ, ಎಂದು ಅವಳು ಬರೆದು ಕಳಿಸಿದಳು. ಎರಡು ದಿನದ ಮೇಲೆ ಕಂಪನಿಯಿಂದ ನಾಲ್ಕು ಸಾಲಿನ ಇಂಗ್ಲಿಷ್ ಕಾಗದ ಬಂತು: ಹಾಗಾದರೆ ಬೇಡ. ಹಳೆಯ ತಿಂಗಳ ವ್ಯಾಪಾರವೂ ಹೋಯಿತು.

ಮಣೂಕ ತಾಸಗಾಂವ ಪೇಟೆಗೆ ಹೋಯಿತು. ಹಬ್ಬಕ್ಕೆಂದು ಸ್ವಲ್ಪ ಶೀತಲಗೃಹದಲ್ಲಿ ಉಳಿಯಿತು. ಸಿಕ್ಕ ದರ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ನೀಲಗರಿಯ ಸೀಟುಗಳು ಮಾತ್ರ ತುಂಬುತ್ತಲೇ ಇದ್ದವು. ಏಪ್ರಿಲಿನಲ್ಲಿ ತೊಂಬತ್ತೊಂದು, ಜೂನಿನಲ್ಲಿ ತೊಂಬತ್ಮೂರು. "ನಾವೊಬ್ರ ಬಿಟ್ವಿ, ಲೋಕ ಎಲ್ಲಾ ಹತ್ತಾಕತ್ತೈತಿ," ಎನ್ನುತ್ತಿದ್ದಳು ಕಸ್ತೂರಿ, ಯಾರಿಗೂ ಅಲ್ಲ ಎಂಬಂತೆ, ಅನುಜಾಳಿಗೆ ಕೇಳುವಂತೆ. ಹುಚ್ಚವ್ವ ಅನುಜಾಳ ಕೂಡ ಮಾತು ಬಿಟ್ಟಳು. ಚಹಾ ಬಂದಾಗ ಕಪ್ಪನ್ನು ಅವಳ ಮುಂದೆ ಇಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅನುಜಾ ಗೋಡೆಯ ಮೇಲೆ ಬರೆಯುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಅಪ್ಪ ಸುಶೀಲೇಂದ್ರ ಮತ್ತೆ ಬ್ಯಾಂಕಿನ ಅರ್ಜಿಯ ಮಾತೆತ್ತಿದಾಗ ಅವಳು ಬೇಡ ಎನ್ನಲಿಲ್ಲ.

ಆಗಸ್ಟಿನ ಮೊದಲ ವಾರ ನೀಲಗರಿಯ ವಿಮಾನಗಳು ಹಾರಲಿಲ್ಲ. ಎಣ್ಣೆಯವರು ಎಣ್ಣೆ ಹಾಕುವುದನ್ನು ನಿಲ್ಲಿಸಿದ್ದರು. ಹಿಂದಿನ ದಿನದವರೆಗೂ ನೂರಕ್ಕೆ ತೊಂಬತ್ಮೂರು ಸೀಟು ತುಂಬಿದ್ದವು ಎಂದು ಸುದ್ದಿ ಓದುವವಳು ಅಚ್ಚರಿಯಿಂದ ಹೇಳಿದಳು. ಏಪ್ರಿಲಿನಲ್ಲಿ ಹೂಂ ಎಂದಿದ್ದರೆ ಸಂಘಕ್ಕೆ ಹಣ ಬರಬೇಕಾಗಿದ್ದದ್ದು ಅದೇ ತಿಂಗಳ ಹದಿನೆಂಟಕ್ಕೆ.

ಮಹಾನಂದಾ ಅವತ್ತು ಫೋನಿನಲ್ಲಿ ಬಹಳ ಮಾತಾಡಲಿಲ್ಲ. "ತಂಗಿ," ಎಂದರು, ಮೂಗು ಒರೆಸಿಕೊಂಡ ಸದ್ದಾಯಿತು, "ನಾಳೆ ಉಣ್ಣಾಕ ಇಲ್ಲೇ ಬಾ. ಡಬ್ಬಿ ತರಬ್ಯಾಡ."

ಮರುದಿನ ಊಟಕ್ಕೆ ಹೋಗುವ ಮೊದಲು ಅನುಜಾ ಹುಡುಕಿದ್ದು ರಾಮಲಿಂಗನನ್ನು. ತಿಕೋಟಾದ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಇವತ್ತಿನಿಂದ ರಾಮಲಿಂಗನನ್ನು ಬಬಲೇಶ್ವರದ ಕಡೆ ಹಾಕಿದ್ದಾರೆ ಎಂದ. ಅವಳು ಆ ಬಸ್ಸು ಹಿಡಿದಳು. ಜೈನಾಪುರದವರೆಗೆ ಉಸಿರಾಡಲೂ ಜಾಗವಿರಲಿಲ್ಲ. ಬಬಲೇಶ್ವರದಲ್ಲಿ ಅರ್ಧ ಬಸ್ಸು ಇಳಿದ ಮೇಲೆ ಅವನ ಕೈಗೆ ಎರಡು ಕಿಲೋ ಮಣೂಕದ ಚೀಲ ಕೊಟ್ಟಳು.

"ಏನಿದು? ಲಗೇಜಾ?"

"ನಿಮಗ ಕಾಕಾ. ನೀವು ಹೇಳಿದ ಮಾತಿನಿಂದ ನಮ್ಮ ಹದಿನೆಂಟು ಟನ್ ಉಳೀತು."

ರಾಮಲಿಂಗ ತಲೆ ಕೆರೆದುಕೊಂಡ. "ನಾ ಏನ ಹೇಳಿದ್ದೆ?"

ಅವಳು ಹೇಳಿದಳು. ಅವನಿಗೆ ನೆನಪಿಗೆ ಬರಲಿಲ್ಲ. ಕೋಳಿ ಮಾತ್ರ ನೆನಪಾಯಿತು. "ದಿನಾ ಸಾವಿರ ಮಂದಿ ಕೂಡ ಮಾತಾಡ್ತೇನಿ ತಂಗಿ. ಒಂದಕ್ಕರೆ ಬೆಲಿ ಬಂತಲ್ಲ," ಎಂದು ಚೀಲದ ಬಾಯಿ ಬಿಚ್ಚಿ ಎರಡು ಮಣೂಕ ಬಾಯಿಗೆ ಹಾಕಿಕೊಂಡ. "ನನ್ನ ಹೇಣ್ತಿಗೆ ಹೇಳು ಇದನ್ನ. ಬಾಯಿ ಮುಚ್ಚಲೋ ಮಾರಾಯಾ ಅಂತಾಳ ಆಕಿ."

ಸೈಮಾಳ ಋಣ ಹೀಗೆ ಎರಡು ಕಿಲೋದಲ್ಲಿ ತೀರುವಂಥದ್ದಾಗಿರಲಿಲ್ಲ. ಆ ದಿನ ಮೆಟ್ಟಿಲ ಮೇಲೆ ನಿಂತು ಅವಳು ಹೇಳಿದ್ದನ್ನು ಅನುಜಾ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಹೇಳಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಈಗ ಕೆಲಸವೂ ಇರಲಿಲ್ಲ, ಎರಡು ತಿಂಗಳ ಪಗಾರವೂ ಇರಲಿಲ್ಲ. ಸೈಮಾ ವಿಜಯಪುರಕ್ಕೆ ಮರಳಿ ಬಂದಿದ್ದಾಳೆ ಎಂದು ತಿಳಿದು ಅನುಜಾ ಅವಳ ಮನೆಗೆ ಹೋದಳು. ಒಂದು ತಾಸು ಇಬ್ಬರೂ ಕಾಲೇಜಿನ ಮಾತಾಡಿದರು. ಹೊರಡುವಾಗ ಅನುಜಾ, "ನಾಳೆ ನನ್ನ ಜೋಡಿ ತಿಕೋಟಾಕ್ಕೆ ಬಾ," ಎಂದಳು.

"ಅವ್ರು ಏನಂತಾರ? ಮುಳುಗೂ ಕಂಪನಿ ತಂದು ಗಂಟ ಹಾಕಿದಾಕಿ ನಾನು."

"ನನಗ ಗೊತ್ತಿಲ್ಲ. ಆದ್ರೂ ಬಾ."

ಮರುದಿನ ಶೆಡ್ಡಿನಲ್ಲಿ ಹಬ್ಬದ ಪ್ಯಾಕೆಟ್ಟಿಗೆ ಶೀತಲಗೃಹದಿಂದ ಬಂದ ಮಣೂಕವನ್ನು ಸುರಿದಿದ್ದರು. ಬಾಗಿಲಲ್ಲಿ ದುಪಟ್ಟಾ ಸರಿಮಾಡಿಕೊಳ್ಳುತ್ತ ನಿಂತ ಹುಡುಗಿಯನ್ನು ನೋಡಿ ಹೆಂಗಸರು ತಲೆಯೆತ್ತಿದರು. ಇವಳೇ ಸೈಮಾ, ಎಂದಳು ಅನುಜಾ. ಆಮೇಲೆ ಏಪ್ರಿಲಿನ ಆ ಫೋನಿನಲ್ಲಿ ಬೇವಿನ ಗಿಡದ ಕೆಳಗೆ ತಾನು ಕೇಳಿದ್ದನ್ನೆಲ್ಲ, ಕುರ್ಚಿ ಸರಿದದ್ದನ್ನೂ ಚಪ್ಪಲಿಯ ಸದ್ದನ್ನೂ ಬಿಡದೆ ಹೇಳಿದಳು. ಅಜ್ಜಿಯ ಮೊಮ್ಮಗಳಲ್ಲವೇ, ಹೇಳುವುದು ಬರುತ್ತಿತ್ತು. ಕತೆ ಮುಗಿದಾಗ ಕಸ್ತೂರಿ ಕಣ್ಣು ಕೆಳಗೆ ಹಾಕಿದ್ದಳು. ಮಹಾನಂದಾ ಎದ್ದು ಬುಟ್ಟಿಯ ಮೇಲಿನ ಬಟ್ಟೆ ತೆಗೆದು, ಎಷ್ಟು ರೊಟ್ಟಿ ಇವೆ ಎಂದು ನೋಡಿದರು.

ಹುಚ್ಚವ್ವ ಸೈಮಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಉಗರ ಅದಾವೇನು?" ಎಂದಳು.

ಸೈಮಾ ತಿಳಿಯದೆ ಕೈ ಮುಂದೆ ಚಾಚಿದಳು. ಹುಚ್ಚವ್ವ ಆ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿ, ಬಿಟ್ಟಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಒಂದು ಮೊಳದಷ್ಟು ಆಚೆ ಸರಿದಳು. ಪಕ್ಕದವಳೂ ಸರಿದಳು, ಅವಳ ಪಕ್ಕದವಳೂ. ತಾಡಪಾಲಿನ ಮೇಲೆ ಒಬ್ಬರು ಕೂಡುವಷ್ಟು ನೀಲಿ ಜಾಗ ತೆರೆಯಿತು. ಸೈಮಾ ಚಪ್ಪಲಿ ಹೊರಗೆ ಬಿಟ್ಟು ಬಂದು ಕುಳಿತಳು. ಹುಚ್ಚವ್ವ ರಾಶಿಯಿಂದ ಒಂದು ಬೊಗಸೆ ಮಣೂಕವನ್ನು ಅವಳ ಮುಂದೆ ಸುರಿದು, ಮೊದಲನೆಯದರ ತೊಟ್ಟನ್ನು ಹೇಗೆ ಮುರಿಯಬೇಕೆಂದು ನಿಧಾನವಾಗಿ ಮುರಿದು ತೋರಿಸಿದಳು.